ಥಂಡಿಗೆ ಹೋಗುವವರ ಫೋಟೋ

ಅರೆ, ಗದ್ದ ಬೆಚ್ಚಗೈತಿ, ಬೆರಳು ಸರಕ್ಕನ ಹಿಂದ ಬಂತು, ಥತ್ ಸೂಗಪ್ಪ, ಏನ್ ಮಾಡಾಕತ್ತೀಯೋ, ಮನಷಾ ಇನ್ನಾ ಜೀವಂತ ಅದಾನ, ಎತ್ರಿ ಅಂದ್ರ ತಾನ ಎತ್ತತಾನ — ರೂಢಿ, ಹಾಳಾದ ರೂಢಿ, ಲಿಂಗಸುಗೂರಾಗ ಅಪ್ಪನ ಕ್ಯಾಮೆರಾ ಹಿಡದಾಗಿಂದ ಸತ್ತವರ ಗದ್ದ ಎತ್ತಿದ ಕೈ ಇದು, ನಮ್ಮ ಕಡೆ ಹಂಗಲ್ಲೇನು, ಜೀವ ಹೋದವರನ್ನ ಗ್ವಾಡಿಗೆ ಒರಗಿಸಿ ಕುಂದ್ರಿಸಿ, ವಿಭೂತಿ ಬಳದು, ಹಾರ ಹಾಕಿ, ಮನಿಮಂದಿ ಎಡಕ್ಕ ಬಲಕ್ಕ ನಿಂತು ಒಂದು ಫೋಟೋ, ಆಮ್ಯಾಲೆ ಕುಂತಂಗನ ಮಣ್ಣಿಗೆ, ಗದ್ದ ಎದಿಮ್ಯಾಲೆ ಬೀಳತಿತ್ತು, ನಾ ಎತ್ತಿ ನಿಲ್ಲಸ್ತಿದ್ದೆ, ತಣ್ಣಗ ಇರತಿತ್ತು. ಈಗ ಈ ದೊಡ್ಡ ಶಹರಕ್ಕ ಬಂದು ದಿಲ್‌ಸುಖ್‌ನಗರದಾಗ ಸ್ಟುಡಿಯೋ, ಕೋಚಿಂಗ್ ಹುಡುಗರು, ಅಮೆರಿಕಾ ವೀಸಾದವರು, ಸಾಫ್ಟ್‌ವೇರ್ ಮಂದಿ, ಈಗ ನನ್ನ ಮುಂದ ಕುಂತ ಈ ರವಿಶಂಕರ್ ಅವರೂ ಮಾಧಾಪುರದಾಗ ದೊಡ್ಡ ಕೆಲಸದವರು, ಹೊಟ್ಟ್ಯಾಗ ಕ್ಯಾನ್ಸರ್, ತಲಿ ಬೋಳಾಗೇತಿ, ಆದ್ರ ಮಣ್ಣಿಗೆ ಹೋಗಾಂಗಿಲ್ಲಂತ, ಸತ್ತ ಕೂಡಲೇ ವಿಮಾನದಾಗ ಹೊರದೇಶಕ್ಕ, ಅಲ್ಲಿ ಥಂಡಿ ಟಾಕಿಯೊಳಗ ಇಡತಾರ, ಔಷಧ ಸಿಕ್ಕ ದಿನ ಎಬ್ಬಸ್ತಾರಂತ, ಅಯ್ಯ ಶಿವನ, ನಗು ಬಂತು ನನಗ, ನುಂಗಿಕೊಂಡೆ, ಮಂಜುಗಡ್ಡಿಯೊಳಗ ಮೀನು ಇಟ್ಟಂಗ. ಅವರ ಹೆಂಡತಿ ಶಾಂಭವಿ ಸಿಂಧನೂರಿನವರು, ನನ್ನ ಕೈ ನೋಡೇಬಿಟ್ರು, ಅದ್ಯಾತರ ರೂಢಿ ಅಂತ ಅವರಿಗೆ ಗೊತ್ತಾತು, ಸೂಗಪ್ಪನವರ, ಇವರಿನ್ನಾ ಅದಾರ್ರೀ, ಅಂದ್ರು ಮೆಲ್ಲಕ, ಬೈದಿದ್ರ ಚಲೋ ಇತ್ತು, ನಾಚಿಕಿ ಆತು ನನಗ. ರವಿಶಂಕರ್ ನಕ್ರು, ಇರಲಿ ಬಿಡ್ರಿ, ಪ್ರಾಕ್ಟೀಸ್ ಆತು.

ಅವರದು ಮುಗೀತು, ಎದ್ದು ಬದಿಗಿನ ಕುರ್ಚಿಗೆ ಕುಂತು, ಈಗ ನೀ ಬಾ ಶಾಂಭವಿ, ಆ ಥಂಡಿ ಟಾಕಿಯವರ ಅರ್ಜಿಗೆ ನಿಂದೂ ಫೋಟೋ ಬೇಕು, ಅಂದ್ರು — ಹೆಂಡತಿನೂ ಜೋಡಿ ಬರಬೇಕು ಅಂತ ಅವರ ಹಟ — ಈಯಮ್ಮ ನಿಂತಲ್ಲೇ ನಿಂತ್ರು, ನಾ ಬರಾಂಗಿಲ್ರೀ, ಎಷ್ಟು ಸಲ ಹೇಳ್ಲಿ, ನನಗ ನಮ್ಮ ಹೊಲದಾಗ ಅವ್ವನ ಮಗ್ಗಲ ಮಣ್ಣು ಬೇಕು, ಥಂಡಿ ನನಗ ಆಗಿಬರಾಂಗಿಲ್ಲ. ಹಂಗಾರ ನಾ ಎದ್ದಾಗ? ಅಂದ್ರು ಅವರು, ದನಿ ಒಡೀತು, ಯಾರಿರತಾರ ಅಲ್ಲಿ, ನನ್ನ ಗುರುತಿನವರು ಒಬ್ಬರಾದ್ರೂ ಬ್ಯಾಡೇನು? ನನ್ನ ನಗು ಎಲ್ಲಿ ಹೋತೋ ಏನೋ, ಈ ಮನಷಾ ಸಾಯಾಕ ಅಂಜಿಲ್ಲ ಮಾರಾಯ, ಎದ್ದ ಮ್ಯಾಲೆ ಒಬ್ಬನ ಇರಾಕ ಅಂಜ್ಯಾನ, ಹೊರಗ ಕೋಠಿಗೆ ಹೋಗೋ ಬಸ್ಸಿನವ ಕೋಠಿ ಕೋಠಿ ಅಂತ ಒದರತಾನ, ಈಗ ಒದರಬೇಕೇನು ಇಂವ. ಶಾಂಭವಿ ಸೆರಗು ಸರಿ ಮಾಡಿಕೊಂಡ್ರು, ಬಂದು ಸ್ಟೂಲಿನ ಮ್ಯಾಲೆ ಕುಂತ್ರು, ನಂದೂ ತೆಗೀರಿ, ನಾ ಹೋಗಾಕಲ್ಲ, ಇವರ ಜೋಡಿ ಫೋಟೋ ಹೋಗಲಿ, ಕಣ್ಣು ಬಿಟ್ಟ ಕೂಡಲೇ ಇವರಿಗೆ ಕಾಣಬೇಕು, ಎಲ್ಲಿ ನೋಡ್ಲಿ? ಲೆನ್ಸ್ ನೋಡ್ರೀ ಅವ್ವಾರ. ನೋಡಿದ್ರು, ನನ್ನನ್ನಲ್ಲ, ನನ್ನ ಹಿಂದ, ಇನ್ನ ಬರೋ ಯಾವ ಕಾಲದಾಗೋ ಥಂಡಿಯೊಳಗ ಮಲಗಿದ ಗಂಡನ್ನ ನೋಡಿದಂಗ, ದಿನಾ ಮುಂಜಾನೆ ಚಾ ಹಿಡಕೊಂಡು ಹಾಸಿಗಿ ಹತ್ರ ಬರೋ ಮಾರಿ, ತುಟಿ ಅಲ್ಲಾಡಿದ್ವು, ಎದ್ರೇನ್ರೀ — ಬದಿಗಿನ ಕುರ್ಚ್ಯಾಗ ರವಿಶಂಕರ್ ಮಾರಿ ಮುಚ್ಚಿಕೊಂಡ್ರು — ಒತ್ತೋ ಸೂಗಪ್ಪ, ಒತ್ತು, ಬೆರಳು ಒತ್ತವಲ್ದು, ಎದ್ರೇನ್ರೀ ಅಂತ ಕೇಳೋ ಆ ಮಾರಿ, ಆ ಮಾರಿ —