ಪೀಠದ ಪಕ್ಕದ ಪಿಸುಮಾತು

ಲಿಂಡ್‌ನ ಬೂಟಿಗಂಟಿದ ಹಿಮ ಕರಗಿ ಕೋರ್ಟಿನ ಮರದ ನೆಲದ ಮೇಲೆ ಹರಿಯುತ್ತಿದೆ, ಹರಿದು ಹರಿದು ತನ್ನ ಮೇಜಿನ ಕಡೆಗೇ ಬರುತ್ತಿದೆಯಲ್ಲ ಎಂದು ಲೋರ್ನಾ ಪೆಟ್ರುಸ್ಕಾ ಕಾಲನ್ನು ಹಿಂದಕ್ಕೆಳೆದುಕೊಂಡಳು, ಸರ್ಕಾರಿ ವಕೀಲನಾಗಿ ತಲೆ ನರೆತರೂ ಬಾಗಿಲಲ್ಲಿ ಬೂಟು ಒರೆಸಿಕೊಳ್ಳಬೇಕೆಂಬ ಬುದ್ಧಿ ಬರಲಿಲ್ಲ ಈ ಮನುಷ್ಯನಿಗೆ — ಬೇಡ, ಇವತ್ತು ಅವನನ್ನು ಮನಸ್ಸಿನಲ್ಲೂ ಬೈಯುವ ಹಾಗಿಲ್ಲ, ಪಕ್ಕದಲ್ಲಿ ಕೂತಿರುವ ತನ್ನ ಕಕ್ಷಿದಾರ ರೈಮೋ ಟಕ್ಕಿನೆನ್‌ನ ಹನ್ನೊಂದು ವರ್ಷದ ಸೆರೆವಾಸ ಈಗ ಈ ಲಿಂಡ್‌ನ ನೆನಪಿನ ಮೇಲೆ ನಿಂತಿದೆ, ಹೆಂಡತಿಯ ಹುಟ್ಟುಹಬ್ಬವನ್ನೇ ಮರೆತು ಬೈಸಿಕೊಳ್ಳುವವನ ನೆನಪಿನ ಮೇಲೆ, ದೇವರೇ. ರೈಮೋ ಜೈಲಿನ ಸೋಪಿನ ವಾಸನೆ ಹೊಡೆಯುತ್ತಿದ್ದಾನೆ, ಸೊಂಟದ ಸರಪಳಿಗೆ ಬಿಗಿದ ಎರಡು ಕೈಗಳನ್ನು ಮೇಜಿನ ಅಂಚಿಗಿಟ್ಟು ಕೂತಿದ್ದಾನೆ, ದೋಣಿ ರಿಪೇರಿಯವನ ಕೈ, ಈ ಡುಲೂತ್ ಊರಿನ ಅರ್ಧ ದೋಣಿಗಳು ಆ ಕೈಯಿಂದಲೇ ನೀರಿಗಿಳಿದವು, ಆ ಕೈಯೇ ದೋಣಿ ಶೆಡ್ಡಿಗೆ ಬೆಂಕಿ ಇಟ್ಟಿತು ಎಂದರೆ ಅವಳು ನಂಬುವುದಿಲ್ಲ, ಅವತ್ತೂ ನಂಬಲಿಲ್ಲ, ಕಕ್ಷಿದಾರನನ್ನು ನಂಬುವುದು ವಕೀಲರಿಗೆ ಒಳ್ಳೆಯದಲ್ಲ, ನಿದ್ದೆ ಹಾಳು. ಸರೋವರದ ಕಡೆಯಿಂದ ಅದಿರಿನ ಹಡಗು ಕೂಗಿತು, ರೈಮೋ ತಲೆಯೆತ್ತಿ, ಇದು ಈ ವರ್ಷದ ಕೊನೇದಿರ್ಬೇಕು, ಇನ್ನು ನೀರು ಹೆಪ್ಪುಗಟ್ಟುತ್ತೆ ಅಂದ, ಅವನಿಗೆ ಹಡಗಿನ ಚಿಂತೆ.

ಮಾರ್ಚಿನ ವಿಚಾರಣೆಯಲ್ಲಿ ಇದೇ ಕೋಣೆ, ಅದೇ ಸಾಕ್ಷಿ ಕಟಕಟೆ, ನೆರೆಮನೆಯ ಹೆಂಗಸು ಕರ್ಚೀಫು ಹಿಂಡಿಕೊಂಡು, ಊರೆಲ್ಲ ಹೇಳುತ್ತೆ ಸ್ವಾಮಿ, ಮುಂಚೆನೂ ಇವ್ನು ಒಂದು ದೋಣಿ ಸುಟ್ಟಿದ್ನಂತೆ ಅಂದುಬಿಟ್ಟಳು — ಅಂತೆಕಂತೆ, ಸಂತೆಯ ಮಾತು, ಆದರೆ ಜ್ಯೂರಿಯ ಕಿವಿಗೆ ಬಿದ್ದಾಗಿತ್ತು, ಲೋರ್ನಾ ಎದ್ದು, ಹತ್ತಿರ ಬರಬಹುದೇ ಯುವರ್ ಆನರ್ ಅಂದಳು, ಜಡ್ಜ್ ಕೀಫರ್ ಪೀಠದ ಪಕ್ಕಕ್ಕೆ ಕರೆದರು, ಜ್ಯೂರಿಗೆ ಕೇಳದಿರಲೆಂದು ಗೋಡೆಯ ಸ್ಪೀಕರು ಭುಸ್ಸೆನ್ನತೊಡಗಿತು, ಶೀಘ್ರಲಿಪಿಯವಳು ಯಂತ್ರದಿಂದ ಕೈ ತೆಗೆದು ಬೆರಳು ನೆಟಿಕೆ ಮುರಿದುಕೊಂಡಳು, ಈ ಕೋರ್ಟಿನ ರೂಢಿ ಅದು, ಪೀಠದ ಪಕ್ಕದ ಪಿಸುಮಾತು ಬರಹಕ್ಕೆ ಸೇರುವುದಿಲ್ಲ, ಸೇರಬೇಕೆಂದರೆ ವಕೀಲರು ಬಿಡುವಿನ ನಂತರ ಎದ್ದು ನಿಂತು ಎಲ್ಲವನ್ನೂ ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ಬರೆಸಬೇಕು, ಪ್ರತಿ ಬೇಸಿಗೆಯಲ್ಲೂ ಹೊಸ ವಕೀಲರಿಗೆ ಲೋರ್ನಾಳೇ ಪಾಠ ಹೇಳುತ್ತಾಳೆ, ಸೋಲ್ತೀವಿ ಅಂದ್ಕೊಂಡೇ ಬರೆಸಿ ಮಕ್ಕಳೇ, ಮೇಲ್ಮನವಿ ಶುರುವಾಗೋದು ತೀರ್ಪಿನ ದಿನ ಅಲ್ಲ, ಮೊದಲನೇ ಸಾಕ್ಷಿ ಬಾಯಿ ತೆಗೆದ ದಿನ — ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಬರೆಸಲಿಲ್ಲ. ಶುಕ್ರವಾರ, ಕೆಳಗಿನ ಕ್ಯಾಂಟೀನಿನಿಂದ ಕರಿದ ಮೀನಿನ ವಾಸನೆ ಬರುತ್ತಿತ್ತು, ಹಸಿರು ಸ್ವೆಟರಿನ ಜ್ಯೂರಿ ಹೆಂಗಸು ಬೆಳಗ್ಗೆಯಿಂದ ತನ್ನ ಕಡೆ ನೋಡಿ ನಗುತ್ತಿದ್ದಳು, ಬರೆಸುತ್ತ ಜ್ಯೂರಿಯನ್ನು ಹೊರಗೆ ಕಾಯಿಸಿ ಆ ನಗು ಕೆಡಿಸಬಾರದಿತ್ತು. ಶಿಕ್ಷೆಯಾದ ಮೇಲೆ ಡೀಡ್ರಾ ಅಂದದ್ದೂ ಅದನ್ನೇ, ಮೇಲ್ಮನವಿಗಳನ್ನೇ ಮಾಡಿಕೊಂಡಿರುವ ಗೆಳತಿ, ನೀನು ಮುಖ ಓದೋಳು ಕಣೇ, ಮೇಲಿನ ಕೋರ್ಟಲ್ಲಿ ಮುಖಗಳಿಲ್ಲ, ಬರೀ ಕಾಗದ, ಕಾಗದದಲ್ಲಿಲ್ಲದ್ದು ಭೂಮಿ ಮೇಲೇ ಇಲ್ಲ, ಈ ಮೇಲ್ಮನವೀನ ಬೇರೆಯವರಿಗೆ ಕೊಡು, ಮನೆ ಕಟ್ಟಿದ ಮೇಸ್ತ್ರಿ ಹತ್ರಾನೇ ಸೋರೋ ಜಾಗ ತೋರ್ಸು ಅಂದ್ರೆ ತೋರಿಸ್ತಾನೇನೇ? ಕೊಡಲಿಲ್ಲ, ಹಟ, ರೈಮೋನನ್ನು ಒಳಗೆ ಕಳಿಸಿದವಳು ತಾನು, ಹೊರಗೆ ತರುವವಳೂ ತಾನೇ ಆಗಬೇಕು, ಎಂಥ ಜಂಬ ನೋಡು. ಮೇಲಿನ ಕೋರ್ಟಿನವರು ಕಾಗದ ತಿರುವಿ ಹಾಕಿ, ಇಲ್ಲಿ ಆಕ್ಷೇಪಣೆಯೇ ಕಾಣುತ್ತಿಲ್ಲವಲ್ಲ, ಪಕ್ಕದಲ್ಲಿ ಮಾತಾಡಿದರು ಎಂದಷ್ಟೇ ಇದೆ, ಏನು ಮಾತಾಡಿದಿರೆಂದು ನಿಮ್ಮ ಜಡ್ಜ್ ಮುಂದೆಯೇ ಇಬ್ಬರೂ ನೆನಪು ಮಾಡಿಕೊಂಡು ತೀರ್ಮಾನಿಸಿ ಬನ್ನಿ ಎಂದು ಹಿಂದಕ್ಕೆ ಕಳಿಸಿದರು, ಅದಕ್ಕೇ ಇವತ್ತು. ನೆನಪಿದೆ, ಎಲ್ಲ ನೆನಪಿದೆ, ಕೀಫರ್ ಬಾಯಲ್ಲಿ ಪುದೀನ ಪೆಪ್ಪರಮೆಂಟು, ಇದು ಗಾಳಿಮಾತು, ತೆಗೆದುಹಾಕಿ ಎಂದು ತಾನು ಹೇಳಿದ್ದು, ಕೀಫರ್ ತಲೆಯಾಡಿಸಿ ಆಗಲ್ಲ ಎಂದದ್ದು, ಆಮೇಲೆ — ಆಮೇಲೆ ತನ್ನ ಕೈ ಮೇಲೆದ್ದದ್ದು, ಯಾಕೆ ಎದ್ದಿತು, ಜಗಳಕ್ಕೇ ಎದ್ದಿರಬೇಕು, ತಾನು ಬಿಡುವವಳಲ್ಲ, ಊರಿಗೇ ಗೊತ್ತು.

ಮಿಸ್ಟರ್ ಲಿಂಡ್, ಎಂದರು ಕೀಫರ್. ಲಿಂಡ್ ಎದ್ದ, ಕುತ್ತಿಗೆ ಕೆರೆದುಕೊಂಡ, ನೆನಪಿಲ್ಲ ಅಂತಾನೆ ಎಂದುಕೊಂಡಳು ಲೋರ್ನಾ, ಅವನಿಗೇನು, ನೆನಪಿಲ್ಲ ಎಂದರೆ ಗೆದ್ದ ಹಾಗೇ, ಬೆಳಗ್ಗೆ ಮೆಟ್ಟಿಲ ಮೇಲೆ ಸಿಕ್ಕಿದವನನ್ನು, ನೆನಪಿದೆ ತಾನೆ ಲಿಂಡ್ ಎಂದು ಕೇಳಿದ್ದಕ್ಕೆ, ನನ್ನ ಕಾರೆಲ್ಲಿ ನಿಲ್ಸಿದೀನಿ ಅನ್ನೋದೇ ನೆನಪಿಲ್ಲ ಮಾರಾಯ್ತಿ ಎಂದು ನಕ್ಕು ಹೋಗಿದ್ದ, ಸುಡುಗಾಡು ನಗು. ಯುವರ್ ಆನರ್, ಎಂದ ಲಿಂಡ್, ಅವ್ರು ಆಕ್ಷೇಪಣೆ ಮಾಡಿದ್ರು, ಗಾಳಿಮಾತು, ತೆಗೆದುಹಾಕಿ ಅಂದ್ರು, ನಂಗೆ ಚೆನ್ನಾಗಿ ನೆನಪಿದೆ, ನೀವು ಆಗಲ್ಲ ಅಂದ್ರಿ, ಅದಾದ್ಮೇಲೆ ನಾನು ಸಾಕ್ಷಿ ಕಡೆ ತಿರುಗ್ದೆ, ಮುಂದಿಂದು ಕೇಳ್ಸಿಲ್ಲ — ಲಿಂಡ್, ಲಿಂಡ್, ನಿನ್ನ ಬೂಟಿಗೆ ನಾನೇ ಪಾಲಿಶ್ ಹಾಕುತ್ತೇನೆ ಕಣೋ, ಒಳ್ಳೆಯವನು, ಮೊದಲಿಂದಲೂ ಒಳ್ಳೆಯವನೇ, ಕಣ್ಣು ತುಂಬಿ ಬಂತು, ಆಕ್ಷೇಪಣೆ ಇದೆ ಎಂದು ಬರೆದುಕೊಂಡರೆ ಸಾಕು, ಆ ಗಾಳಿಮಾತಿಗೆ ತೀರ್ಪು ನಿಲ್ಲುವುದಿಲ್ಲ, ಮತ್ತೆ ವಿಚಾರಣೆ, ಹೊಸ ಜ್ಯೂರಿ, ಮಂಜು ಕರಗುವ ಹೊತ್ತಿಗೆ ರೈಮೋ ಹೊರಗೆ.

ನಂಗೂ ಅಷ್ಟೇ ನೆನಪು, ಎಂದರು ಕೀಫರ್, ಮುಂದಿನದು ನನಗೂ ಮಸುಕು, ಮಿಸ್ ಪೆಟ್ರುಸ್ಕಾ, ನಾನು ಆಗಲ್ಲ ಅಂದ್ಮೇಲೆ ನೀವು ಆಕ್ಷೇಪಣೆ ಉಳಿಸ್ಕೊಂಡ್ರೋ ಬಿಟ್ರೋ, ಬಿಟ್ಟಿದ್ರೆ ಅದು ಇದ್ದೂ ಇಲ್ಲದ ಹಾಗೆ, ನಿಮ್ಮ ಮಾತನ್ನೇ ಬರೆಸ್ತೀನಿ, ಹೇಳಿ — ಇನ್ನಾರಿಗೂ ನೆನಪಿಲ್ಲ, ನೆನಪಿದ್ದರೆ ತನಗೊಬ್ಬಳಿಗೆ, ಶೀಘ್ರಲಿಪಿಯವಳ ಬೆರಳುಗಳು ಈಗ ಯಂತ್ರದ ಮೇಲಿವೆ, ಉಳಿಸಿಕೊಂಡೆ, ಒಂದೇ ಪದ, ಸುಳ್ಳೂ ಅಲ್ಲ, ಉಳಿಸಿಕೊಂಡೇ ಇರುತ್ತೇನೆ, ಎದ್ದಳು, ಬಾಯಿ ತೆರೆದಳು, ಅಷ್ಟರಲ್ಲಿ ರೈಮೋ ತೋಳು ಜಗ್ಗಿದ, ಬಗ್ಗಿದಳು, ಅವನ ಬಿಸಿ ಉಸಿರು ಕಿವಿಗೆ, ಲೋರ್ನಾ, ನಂಗೆ ನೆನಪಿದೆ, ನಾನು ನಿಮ್ಮನ್ನೇ ನೋಡ್ತಿದ್ದೆ, ನೀವು ಜಡ್ಜ್‌ಗೆ ಹಿಂಗೆ ಅಂದ್ರಿ, ವಾಪಸ್ ಬಂದು ಕೂತು ನಂಗೂ ಹೇಳಿದ್ರಿ, ಬಿಟ್ಬಿಟ್ಟೆ ರೈಮೋ, ಎಳೆದಷ್ಟೂ ಜ್ಯೂರಿ ನೆನಪಿಟ್ಕೊಳ್ತಾರೆ ಅಂತ, ಎಷ್ಟು ಜಾಣತನ ಅಂದ್ಕೊಂಡೆ, ಹೇಳಿ, ಅದನ್ನೇ ಹೇಳಿ, ನಮ್ಗೆ ಒಳ್ಳೇದಾಗುತ್ತೆ — ಹಿಂಗೆ ಎನ್ನುವಾಗ ಅವನ ಬಲಗೈ ಸರಪಳಿ ಬಿಟ್ಟಷ್ಟು ಮೇಲೆದ್ದು ನೊಣ ಓಡಿಸುವಂತೆ ಗಾಳಿಯಲ್ಲಿ ಆಡಿತು, ಅದು ಅವನ ಕೈಯಲ್ಲ, ತನ್ನದು, ಬೆರಳು ಬಿಡಿಸುವ ರೀತಿ ತನ್ನದು, ಹೌದು, ಬಿಡಿ ಯುವರ್ ಆನರ್, ಬಿಡಿ, ಎಂದು ಊಟದ ಹೊತ್ತಿನ ಆ ಭುಸ್ಸೆನ್ನುವ ಸದ್ದಿನೊಳಗೆ ತಾನೇ ಅಂದದ್ದು. ಲಿಂಡ್ ನೋಡುತ್ತಿದ್ದಾನೆ, ಕೀಫರ್ ಕಾಯುತ್ತಿದ್ದಾರೆ, ಬಿಟ್ಟೆ, ಎಂದಿತು ಯಾರದೋ ಗಂಟಲು, ತನ್ನದೇ, ಬಿಟ್ಟೆ ಯುವರ್ ಆನರ್, ಯಂತ್ರ ಟಕಟಕ ಅಂದಿತು, ರೈಮೋ ಸರಿ ಸರಿ ಎಂದು ತಲೆದೂಗುತ್ತಿದ್ದಾನೆ, ಕಣ್ಣಲ್ಲಿ ಅಷ್ಟೂ ನಂಬಿಕೆ, ಕೈ ಇನ್ನೂ ಇಳಿಸಿಲ್ಲ, ಸರಪಳಿ ತೂಗುತ್ತಿದೆ, ಮೇಜಿನ ಮೇಲೆ ಒಂದು ಗೇಣು ಎತ್ತರದಲ್ಲಿ ಆ ಕೈ, ಬಿಡಿ ಬಿಡಿ ಎನ್ನುತ್ತ, ಆ ಕೈ.