ಎರಡಕ್ಕೂ ಮೂರಕ್ಕೂ ನಡುವೆ

ಮೂರರ ಗುಂಡಿ ಮತ್ತೆ ಕೆಂಪಗಾಯಿತು, ಯಾರೋ ಮೇಲೆ ಒತ್ತುತ್ತಿದ್ದಾರೆ, ಒತ್ತಲಿ, ಒಂದು ಸಲ ಒತ್ತಿದರೆ ಸಾಲದೇ ಇವರಿಗೆ, ಹತ್ತು ಸಲ ಒತ್ತಿದರೆ ಲಿಫ್ಟು ಹೆದರಿಕೊಂಡು ಓಡಿ ಬರುತ್ತದೆಯೇ, ಇವರಪ್ಪ ಕಟ್ಟಿಹೋದ ಕುದುರೆ ನೋಡು — ಲಿಫ್ಟಿನವನು ಸ್ಟೂಲಿನಿಂದ ಏಳದೆಯೇ ಕೈ ಚಾಚಿ ಬಾಗಿಲು ಎಳೆದುಕೊಂಡ, ಫಿನಾಯಿಲ್ ವಾಸನೆ, ಯಾರದೋ ಒದ್ದೆ ಚಪ್ಪಲಿಯ ಗುರುತು, ಲಿಫ್ಟು ಕೆಟ್ಟು ನಿಂತ ಹೊತ್ತು ಬರೆದಿಡಲು ಕೊಕ್ಕೆಗೆ ದಾರ ಕಟ್ಟಿ ನೇತುಹಾಕಿದ ರಿಜಿಸ್ಟರು ಲಿಫ್ಟು ಕದಲಿದಾಗಲೆಲ್ಲ ಟಪ್ ಟಪ್ ಎಂದು ತಗಡಿಗೆ ಬಡಿಯುತ್ತದೆ, ಎಂಟು ವರ್ಷದಿಂದ ಬಡಿಯುತ್ತಿದೆ, ಇವತ್ತು ಮಾತ್ರ ಕಿವಿಗೆ ಬೀಳುತ್ತಿದೆ, ಟಪ್. ಹತ್ತೂಮುಕ್ಕಾಲು. ಹನ್ನೊಂದಕ್ಕೆ ತನಿಖೆಯ ಮೇಡಂ ಬರುತ್ತಾರೆ, ಜನರ ಮೇಲೆ ಹೊಸ ಔಷಧ ಪರೀಕ್ಷೆ ಮಾಡುವ ಆಸ್ಪತ್ರೆಗಳನ್ನು ವಿಚಾರಿಸುವ ಕಚೇರಿಯವರು, ಬಂದು ಸಾಕ್ಷಿ ರುಜು ಹಾಕಿದವನನ್ನು ಕರೀರಿ ಎನ್ನುತ್ತಾರೆ, ಕರೆಯುವುದೇನು ಬಂತು, ಅವರನ್ನು ಮೇಲಕ್ಕೆ ಹೊತ್ತುಕೊಂಡು ಹೋಗುವವನೇ ಅವನು. ಒಂದು ಹಾಳೆ ಅಣ್ಣಾ, ಒಂದೇ ಒಂದು ಹಾಳೆ, ತಂಗಿ ನಿನ್ನೆ ಮಧ್ಯಾಹ್ನ ಮೆಟ್ಟಿಲ ಕೆಳಗೆ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದು, ಕಿತ್ತು ಒಲೆಗೆ ಹಾಕ್ಬಿಡು, ಲಿಫ್ಟಿನ ಪುಸ್ತಕ ಯಾರು ನೋಡ್ತಾರೆ, ಯಾರೂ ನೋಡಲ್ಲ ಅಂದ್ಮೇಲೆ ಯಾಕೇ ಕೀಳ್ಬೇಕು ಅಂತ ಇವನು, ನಿಂಗೆ ಎಲ್ಲದಕ್ಕೂ ವಾದ, ಹುಟ್ಟಿದಾಗಿಂದ ವಾದ ಅಂತ ಅವಳು. ಎತ್ತಿ ಆಡಿಸಿದ ತಂಗಿ, ಇವನ ಬೆನ್ನ ಮೇಲೆ ಕೂತು ಶಾಲೆಗೆ ಹೋದವಳು, ಮೂರನೇ ಮಹಡಿಯ ಪರೀಕ್ಷೆ ವಿಭಾಗದ ನರ್ಸು ಈಗ, ಮಗ್ಗದ ಕಾರ್ಖಾನೆ ಮುಚ್ಚಿ ಇವನು ಮನೆಯಲ್ಲಿ ಕೂತು ಹೆಂಡತಿ ಮೇಲೆ ಹಾರಾಡುತ್ತಿದ್ದಾಗ ದೊಡ್ಡ ಡಾಕ್ಟರ ಕೈಕಾಲು ಹಿಡಿದು ಈ ಸ್ಟೂಲು ಕೊಡಿಸಿದವಳು. ಓದು ಬಾರದವರು ಪರೀಕ್ಷೆಯ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಎಲ್ಲ ಕೇಳಿಸಿಕೊಳ್ಳಬೇಕಂತೆ, ನನ್ನ ಎದುರಿಗೇ ಓದಿ ಹೇಳಿದರು ಎಂದು ರುಜು ಹಾಕಬೇಕಂತೆ, ನೀನೇ ಹಾಕಣ್ಣ, ನಿನ್ನ ಅಕ್ಷರ ಮುತ್ತಿನ ಹಾಗಿದೆ, ಲೇ, ಸಂಬಂಧ ಇಲ್ಲದವನು ಅಂದ್ರೆ ನಾನು ನಿನ್ನ ಒಡಹುಟ್ಟಿದವನಲ್ಲವೇನೇ, ಅಯ್ಯೋ ಪರೀಕ್ಷೆಗೆ ಸಂಬಂಧ ಇಲ್ಲದವನು ಅಂತ, ಯಾರು ಕೇಳ್ತಾರೆ ಬಾ. ಮೊದಲ ಎರಡು ಸಲ ಕೋಣೆಯಲ್ಲಿ ಕೂತ, ಅರ್ಧರ್ಧ ಗಂಟೆ, ಕೆಳಗೆ ಜನ ಲಿಫ್ಟು ಲಿಫ್ಟು ಎಂದು ಅರಚಿ ಮೇಲ್ವಿಚಾರಕ ಬಾಯಿಗೆ ಬಂದಂತೆ ಬೈದ, ಅಲ್ಲಿಂದ ಮುಂದೆ ತಂಗಿಯೇ ಕಾಗದ ಹಿಡಿದು ಲಿಫ್ಟಿನ ಬಾಗಿಲಿಗೆ ಬರುತ್ತಿದ್ದಳು, ಇವನು ತಗಡಿಗೆ ಆನಿಸಿಕೊಂಡು ಸರ್ರನೆ ಎಳೆದುಬಿಡುತ್ತಿದ್ದ, ಒಂದಲ್ಲ ಎರಡಲ್ಲ ಮೂವತ್ತು ರುಜು, ಬಾಲದ ಸುಳಿ ಸಮೇತ. ಓದದೆ ರುಜು ಹಾಕುವವನು ಕಣ್ಣು ಮುಚ್ಚಿಕೊಂಡು ಬಾವಿಗೆ ಹಾರುವವನು ಕಣೋ, ಶಾಲೆಯ ಮೇಷ್ಟ್ರು ಕಿವಿ ಹಿಂಡಿ ಹೇಳುತ್ತಿದ್ದರು, ಕಣ್ಣು ಮುಚ್ಚಿಕೊಂಡು ಬೇರೆಯವರನ್ನು ತಳ್ಳುವವನಿಗೆ ಏನನ್ನಬೇಕೋ ಅದನ್ನು ಮೇಷ್ಟ್ರು ಹೇಳಿಕೊಡಲಿಲ್ಲ, ಟಪ್.

ಎರಡು ತಿಂಗಳ ಹಿಂದೆ ಅವತ್ತೂ ಹೀಗೇ ಬಡಿಯಿತು, ಎರಡು ದಾಟಿ ಮೂರು ಮುಟ್ಟುವ ಮೊದಲು ಒಂದು ಕುಲುಕು, ರಿಜಿಸ್ಟರು ಟಪ್ ಎಂದಿತು, ಆಮೇಲೆ ಸದ್ದಿಲ್ಲ, ದೊಡ್ಡ ದೀಪ ಹೋಗಿ ಮೂಲೆಯ ಸಣ್ಣ ಹಳದಿ ದೀಪ ಹತ್ತಿತು, ಒಳಗೆ ಇಬ್ಬರೇ, ಇವನು ಮತ್ತು ಬುಟ್ಟಿ ಹೆಣೆಯುವವಳು. ಅವಳನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ, ಐವತ್ತು ದಾಟಿದವಳು, ಬೆರಳುಗಳೆಲ್ಲ ಗಂಟುಗಂಟು, ಕೀಲುನೋವಿನ ಹೊಸ ಮಾತ್ರೆಯ ಪರೀಕ್ಷೆಗೆ ಬಾ ಎಂದು ಯಾರೋ ಹೇಳಿ ಬಂದವಳು. ಅಣ್ಣಾ, ಬೀಳ್ತದಾ ಇದು, ಬೀಳಲ್ಲ, ಸುಮ್ನೆ ಕೂತ್ಕೊ, ಬಿದ್ರೆ ಬೀಳ್ಲಿ ಬಿಡು, ಕೀಲುನೋವಿಗೆ ಅದಕ್ಕಿಂತ ಒಳ್ಳೆ ಔಷಧ ಇನ್ಯಾವುದಿದೆ, ತಾನೇ ಹೇಳಿ ತಾನೇ ನಕ್ಕಳು, ನೆಲದ ಮೇಲೆ ಕೂತು ಗೋಡೆ ತಟ್ಟಿ ನೋಡಿದಳು, ಇದಕ್ಕಿಂತ ನನ್ನ ಬುಟ್ಟಿ ಮೇಲು ಕಣಣ್ಣ, ಕೋಳಿ ತುಂಬಿದ್ರೂ ಉಸಿರಾಡ್ತವೆ. ಇವನಿಗೆ ನಗು ಬರಲಿಲ್ಲ, ಬೆವರು, ಮೇಲಿಂದ ಯಾರೋ ಕಿರುಚುತ್ತಿದ್ದಾರೆ, ಮಿಸ್ತ್ರಿ ಬರ್ತಾನಂತೆ, ಬರ್ತಾನಂತೆ, ಬರ್ತಾನೆ ಅವನ ತಲೆ, ಮೊದಲೇ ಇವನ ಕೋಪ ಮೂಗಿನ ತುದಿಯಲ್ಲಿ. ಆಗ ಅವಳು ಕಂಕುಳಿನಿಂದ ಒಪ್ಪಿಗೆ ಕಾಗದ ತೆಗೆದಳು, ಎಂಟು ಪುಟ, ಮಡಿಸಿ ಮಡಿಸಿ ಬೆವರಿಗೆ ಮೆತ್ತಗಾಗಿತ್ತು, ಮಂಡಿಯ ಮೇಲಿಟ್ಟು ಬಿಡಿಸಿದಳು, ಅಂಗೈಯಿಂದ ಸವರಿದಳು, ಹೆಬ್ಬೆರಳನ್ನು ಮೊದಲ ಸಾಲಿನ ಮೇಲೆ ಇಟ್ಟಳು, ಬಿದಿರಿನ ಸಿಬಿರು ಕೊಯ್ದು ಕೊಯ್ದು ಕಪ್ಪು ಗೀರು ತುಂಬಿದ ಹೆಬ್ಬೆರಳು, ಇಲ್ಲಿಂದ ಶುರು ಮಾಡಣ್ಣ, ಅಂದಳು. ಓದು ಬರ್ತದಲ್ಲ ನಿಂಗೆ, ಆ ಪುಸ್ತಕದಲ್ಲಿ ಬರೀತಿದ್ದೆ, ನೋಡ್ದೆ. ಬರೆಯುತ್ತಿದ್ದ, ಹೌದು, ನಿಂತ ತಕ್ಷಣ ಬರೆದ, ಹತ್ತು ಗಂಟೆ ಎಂಟು ನಿಮಿಷ, ಎರಡಕ್ಕೂ ಮೂರಕ್ಕೂ ನಡುವೆ ನಿಂತಿದೆ, ಒಳಗೆ ನಾನು ಮತ್ತು ಒಬ್ಬ ಹೆಂಗಸು, ಮುತ್ತಿನ ಅಕ್ಷರ, ಅದೇ ಹಳದಿ ದೀಪದಲ್ಲಿ — ಅವಳಿಗೆ ಮಾತ್ರ ಹೇಳಿದ್ದು, ಬೆಳಕೆಲ್ಲಿದೆ ಇಲ್ಲಿ, ಕಣ್ಣು ಕಳ್ಕೊಳ್ಲಾ ನಾನು, ನಾನೇನು ನಿನ್ನ ಗುಮಾಸ್ತನಾ, ಮೇಲೆ ಹೇಳ್ತಾರೆ ಎಲ್ಲ, ಅದು ಅವರ ಕೆಲಸ. ಬಯ್ಯಬೇಡಣ್ಣ, ಅಂದಳು, ಅಷ್ಟೆ, ಹೆಬ್ಬೆರಳು ಮಾತ್ರ ತೆಗೆಯಲಿಲ್ಲ, ಇವನ ಸಿಟ್ಟು ಇನ್ನೇನು ಇಳಿಯಬಹುದು ಎಂದು ಕಾಯುತ್ತಿದ್ದವಳ ಹಾಗೆ ಆ ಸಾಲಿನ ಮೇಲೇ ಇಟ್ಟುಕೊಂಡು ಕೂತಳು. ಬಹಳ ಹೊತ್ತಾದ ಮೇಲೆ, ಹೋದ ವರ್ಷ ಕಾಮಾಲೆ ಆಗಿತ್ತಣ್ಣ ನಂಗೆ, ಕಣ್ಣೆಲ್ಲ ಹಳದಿ, ಮೂರು ತಿಂಗಳು ಬುಟ್ಟಿ ಮುಟ್ಟಿಲ್ಲ, ಅದನ್ನೂ ಹೇಳ್ಬೇಕಾ ಇವರಿಗೆ. ಕೇಳಿದ್ರೆ ಹೇಳು, ಕೇಳದಿದ್ರೆ ಬಿಡು, ನನ್ನ ತಲೆ ತಿನ್ಬೇಡ. ಯಾರೂ ಕೇಳಲಿಲ್ಲ. ಹತ್ತೂ ಐವತ್ತಕ್ಕೆ ಬಾಗಿಲು ತೆರೆಯಿತು, ಅದನ್ನೂ ಪುಸ್ತಕದಲ್ಲಿ ಬರೆದ, ತಂಗಿ ಗಡಿಯಾರ ನೋಡುತ್ತ ಹೊರಗೇ ನಿಂತಿದ್ದಳು, ಬಾರಮ್ಮ ಬಾ, ಡಾಕ್ಟ್ರು ಹೊರಟ್ರು, ಹನ್ನೊಂದೂ ಐದಕ್ಕೆ ರಕ್ತ ತೆಗೀಬೇಕು, ಇಂಕಿನ ಡಬ್ಬಿ, ಆ ಹೆಬ್ಬೆರಳು, ಒತ್ತು, ಇನ್ನೊಂದು ಪುಟಕ್ಕೂ ಒತ್ತು, ಕಾಯಿಲೆಗಳ ಪಟ್ಟಿಗೆ ಉದ್ದಕ್ಕೂ ಇಲ್ಲ ಇಲ್ಲ ಇಲ್ಲ ಎಂದು ಗೀಟು, ಅಣ್ಣಾ ಇಲ್ಲಿ ರುಜು, ಸಮಯ ಹತ್ತೂ ಇಪ್ಪತ್ತು ಅಂತ ಹಾಕು, ಯಾಕೇ, ರಕ್ತ ತೆಗೆಯೋಕೆ ಅರ್ಧ ಗಂಟೆಗೂ ಮುಂಚೆ ರುಜು ಆಗಿರ್ಬೇಕಣ್ಣ, ನಿಯಮ. ಹಾಕಿದ. ನಿಯಮ ಅಂದಮೇಲೆ ಹಾಕಬೇಕಲ್ಲ.

ಏಳು ವಾರ ಆದಮೇಲೆ ಬುಟ್ಟಿ ಹೆಣೆಯುವವಳು ಸ್ಟ್ರೆಚರಿನ ಮೇಲೆ ಬಂದಳು, ಐದನೇ ಮಹಡಿಗೆ, ಹೊಟ್ಟೆ ಊದಿ ಕಾಲು ಕಡ್ಡಿಯಾಗಿ, ಇವನು ಗುರುತು ಹಿಡಿಯಲಿಲ್ಲ, ಹಿಡಿದದ್ದು ಅವಳು, ಹಳದಿ ಕಣ್ಣು ಇವನತ್ತ ತಿರುಗಿಸಿ, ಅಣ್ಣಾ, ಇವತ್ತು ನಿಲ್ಲಲ್ಲ ತಾನೆ, ಎಂದು ನಗಲು ನೋಡಿದಳು. ಪಿತ್ತಜನಕಾಂಗ ಹೋಗಿದೆಯಂತೆ. ಮೊನ್ನೆ ಅವಳ ಮಗಳು ಕಾಗದದ ಪ್ರತಿ ಹಿಡಿದು ಲಿಫ್ಟಿಗೇ ಬಂದಳು, ಮಾಮಾ, ಇದರಲ್ಲಿ ಸಾಕ್ಷಿ ನೀವಂತೆ, ನಮ್ಮಮ್ಮ ಕಾಮಾಲೆ ಮುಚ್ಚಿಟ್ಟಳು ಅಂತಾರೆ ಡಾಕ್ಟ್ರು, ಕೇಳಿದ್ದಕ್ಕೆ ಇಲ್ಲ ಅಂದಳಂತೆ, ತಪ್ಪು ಅವಳದೇ ಅಂತೆ, ನಿಮ್ಮೆದುರೇ ಇಲ್ಲ ಅಂದಳಾ ಮಾಮಾ, ಅವಳು ಹಾಗೆ ಸುಳ್ಳು ಹೇಳೋಳಲ್ಲ. ನಂಗೇನು ಗೊತ್ತಮ್ಮ, ದಾರಿ ಬಿಡು, ಕೆಲಸ ಇದೆ. ಹುಡುಗಿ ದಾರಿ ಬಿಟ್ಟಳು, ಕಾಗದ ಮಾತ್ರ ಇವನ ಸ್ಟೂಲಿನ ಮೇಲಿಟ್ಟು ಹೋದಳು, ಬೇಕೆಂದೇ ಇಟ್ಟಳೋ ಮರೆತಳೋ, ಇವನು ಓದಿದ, ನಿಂತುಕೊಂಡೇ ಎಂಟೂ ಪುಟ, ಕಷ್ಟದ ಮಾತೇನೂ ಇಲ್ಲ ಅದರಲ್ಲಿ, ಕಷ್ಟದ್ದಾಗಿದ್ದರೆ ಒಳ್ಳೆಯದಿತ್ತು. ಎರಡನೇ ಪುಟದಲ್ಲಿ, ಕಳೆದ ಎರಡು ವರ್ಷದಲ್ಲಿ ಕಾಮಾಲೆ ಬಂದವರು ಈ ಮಾತ್ರೆ ತೆಗೆದುಕೊಳ್ಳಬಾರದು. ಐದನೇ ಪುಟದಲ್ಲಿ, ಬೇಡ ಎನಿಸಿದ ದಿನ ಬಿಡಬಹುದು, ಬಿಟ್ಟರೆ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಂಟು ಪುಟ ಓದಲು ಎಷ್ಟು ಹೊತ್ತು ಹಿಡಿಯಿತು, ಗಡಿಯಾರ ನೋಡಿದ, ಇಪ್ಪತ್ತು ನಿಮಿಷ, ಜೋರಾಗಿ ಓದಿದರೆ ಇಪ್ಪತ್ತೈದು, ಅವಳು ನಡುವೆ ಕೋಳಿ ಬುಟ್ಟಿ ಎಂದೆಲ್ಲ ಮಾತಾಡಿದರೂ ಮೂವತ್ತು, ಇವರಿಬ್ಬರೂ ಒಳಗಿದ್ದದ್ದು ನಲವತ್ತೆರಡು ನಿಮಿಷ, ಬೇರೆ ಕೆಲಸವೇ ಇರಲಿಲ್ಲ, ಹಾಳಾದ ಬಾಯಿ, ಬಯ್ಯುವುದಕ್ಕೆ ಬೆಳಕು ಸಾಕಿತ್ತು. ಡಾಕ್ಟರ ಮೇಲೆ ಕೋಪ ಬಂತು, ತಂಗಿಯ ಮೇಲೆ ಬಂತು, ಲಿಫ್ಟು ಬಂದರೂ ಗುಂಡಿ ಒತ್ತುತ್ತಲೇ ಇದ್ದ ಯಾವನೋ ಮುದುಕನ ಮೇಲೆ ಹಾರಿಬಿದ್ದ, ಕೋಪ ಎಲ್ಲ ಕಡೆ ಸುತ್ತಿ ಬಂದು ಸ್ಟೂಲಿನ ಮೇಲೇ ಕೂತಿತು. ಬೆಳಿಗ್ಗೆಯಿಂದ ರಿಜಿಸ್ಟರಿನ ಆ ದಿನದ ಹಾಳೆಗೆ ಎರಡು ಸಲ ಕೈ ಹಾಕಿದ್ದಾನೆ. ಹೊಲಿದ ಪುಸ್ತಕ ಅದು, ಒಂದು ಹಾಳೆ ಕಿತ್ತರೆ ಅದರ ಜೋಡಿ ಹಾಳೆ ತಾನಾಗಿ ಸಡಿಲವಾಗಿ ಬೀಳುತ್ತದೆ, ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಿಕೊಳ್ಳಲಾಗುವುದಿಲ್ಲ, ತಂಗಿಗೆ ಇದು ಹೇಳಿದರೆ ಎರಡೂ ಕೀಳು ಎನ್ನುತ್ತಾಳೆ. ನನ್ನ ನರ್ಸಿಂಗ್ ಲೈಸೆನ್ಸ್ ಹೋಗುತ್ತಣ್ಣಾ, ನಿನ್ನ ಸ್ಟೂಲೂ ಹೋಗುತ್ತೆ, ಸುಳ್ಳು ರುಜು ಅಂತ ಕೇಸು ಹಾಕ್ತಾರೆ, ಅವಳು ಹೇಗೂ ಉಳಿಯಲ್ಲ, ಉಳಿಯೋರನ್ನು ಯೋಚ್ನೆ ಮಾಡು. ತಂಗಿಯೂ ಅಣ್ಣಾ ಎನ್ನುತ್ತಾಳೆ, ಬುಟ್ಟಿಯವಳೂ ಅಣ್ಣಾ ಎಂದಳು, ಇವನು ಯಾರಿಗೆ ಅಣ್ಣ.

ಹನ್ನೊಂದಕ್ಕೆ ಎರಡು ನಿಮಿಷ, ಕೆಳಗೆ ಬಾಗಿಲು ತೆರೆದರೆ ಮೇಡಂ, ಇಷ್ಟೇ ಎತ್ತರದ ಹೆಂಗಸು, ಹೆಗಲಿಗೆ ಬಟ್ಟೆಯ ಚೀಲ, ರಬ್ಬರ್ ಚಪ್ಪಲಿ, ಇವರಾ ಎನಿಸಿತು, ಮಾರ್ಕೆಟ್ಟಿಗೆ ಹೊರಟವರ ಹಾಗಿದ್ದಾರೆ, ಮೂರನೇ ಮಹಡಿ ಕಣ್ರೀ, ಕೂರಿ ಕೂರಿ, ಏಳಬೇಡಿ. ಬಾಗಿಲು ಎಳೆದ, ಒತ್ತಿದ, ಟಪ್. ಇಲ್ಲಿ ಲಿಫ್ಟ್ ನಡೆಸೋರು ನೀವೊಬ್ಬರೇನಾ, ಹೌದು ಮೇಡಂ, ಹಾಗಾದ್ರೆ ಕಾಗದದಲ್ಲಿ ಲಿಫ್ಟಿನವರು ಅಂತ ಇರೋ ಸಾಕ್ಷಿ ರುಜು ನಿಮ್ಮದೇ, ಚೆನ್ನಾಗಿದೆ ನಿಮ್ಮ ಅಕ್ಷರ, ಎಂದರು, ಹೊಗಳುವ ದನಿಯಲ್ಲೇ, ಆ ಬುಟ್ಟಿ ಹೆಣೆಯೋರು ಹೆಬ್ಬೆಟ್ಟು ಒತ್ತಿದ ದಿನ ಹತ್ತೂ ಇಪ್ಪತ್ತಕ್ಕೆ ಕೋಣೆಯಲ್ಲಿ ಕೂತಿದ್ರಾ ನೀವು, ಅವರಿಗೆ ಎಲ್ಲ ಓದಿ ಹೇಳಿದ್ದು ಕೇಳಿಸ್ಕೊಂಡ್ರಾ. ಒಂದು. ಹೂಂ ಎಂದರೆ ಮುಗಿಯಿತು, ಹೂಂ ಎನ್ನಲು ಬಾಯಿ ಪೂರ್ತಿ ತೆರೆಯುವುದೂ ಬೇಕಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಒದೆಯುವವರು ಬೇರೆ ಯಾರೂ ಅಲ್ಲ, ತಂಗಿಯೇ, ಮೂರರಲ್ಲಿ ಬಾಗಿಲ ಹೊರಗೇ ನಿಂತಿದ್ದಾಳೆ, ಬೆಳಿಗ್ಗೆಯಿಂದ ಗುಂಡಿ ಒತ್ತುತ್ತಿರುವವಳು ಅವಳೇ, ಬಿಳಿ ಬಟ್ಟೆ, ಚಿಕ್ಕಂದಿನಲ್ಲಿ ಅಪ್ಪ ಬೆತ್ತ ಹಿಡಿದಾಗ ಇವನ ಬೆನ್ನ ಹಿಂದೆ ಅವಿತುಕೊಂಡು ನೋಡುತ್ತಿದ್ದಳಲ್ಲ, ಅದೇ ಕಣ್ಣು, ಬಾಗಿಲು ತೆರೆದು ಆ ಕಣ್ಣು ನೋಡಿದರೆ ಇವನ ಬಾಯಿಯಿಂದ ಹೂಂ ಬಿಟ್ಟು ಬೇರೇನೂ ಹೊರಡುವುದಿಲ್ಲ, ಇವನಿಗೆ ಗೊತ್ತು, ಐವತ್ತು ವರ್ಷದಿಂದ ತನ್ನನ್ನು ತಾನು ನೋಡಿದ್ದಾನೆ. ಎರಡು. ಕೈ ತಾನಾಗಿ ಹೋಗಿ ಕೆಂಪು ಸ್ವಿಚ್ಚು ಕೆಳಗೆಳೆಯಿತು, ಕುಲುಕು, ಟಪ್, ದೊಡ್ಡ ದೀಪ ಹೋಯಿತು, ಮೂಲೆಯದು ಹತ್ತಿತು. ಏನ್ರೀ ಇದು, ಕೆಟ್ಟುಹೋಯ್ತಾ, ಇಲ್ಲ ಮೇಡಂ, ನಾನೇ ನಿಲ್ಲಿಸ್ದೆ, ಹೆದರ್ಬೇಡಿ, ಬೀಳಲ್ಲ. ಮೇಲೆ ಬಾಗಿಲು ತಟ್ಟುತ್ತಿದ್ದಾರೆ, ಅಣ್ಣಾ, ಅಣ್ಣಾ, ಏನಾಯ್ತು, ಇವನು ರಿಜಿಸ್ಟರನ್ನು ಕೊಕ್ಕೆಯಿಂದ ಬಿಡಿಸಿದ, ದಾರ ಸಮೇತ, ಹಾಳೆ ತಿರುವಿದ, ಮೇಡಂ, ಅವರು ಆ ಹೊತ್ತಿಗೆ ಕೋಣೇಲಿರಲಿಲ್ಲ, ನಾನೂ ಇರಲಿಲ್ಲ, ಕಾಮಾಲೆ ವಿಷಯ ಅವರು ಮುಚ್ಚಿಡಲಿಲ್ಲ, ಹೇಳಿದ್ರು, ಇಲ್ಲೇ ಈ ನೆಲದ ಮೇಲೆ ಕೂತು ನಂಗೆ ಹೇಳಿದ್ರು, ಓದಿ ಅಂತಾನೂ ಕೇಳಿದ್ರು — ಪುಸ್ತಕ ಅವರ ಮುಂದೆ ಹಿಡಿದ, ಬೆಳಕು ಸಾಲುತ್ತದೆ, ಆಗಲೂ ಸಾಲುತ್ತಿತ್ತು, ಓದಿ ಹೇಳಬೇಕೆಂದು ಹತ್ತು ಗಂಟೆ ಎಂಟು ನಿಮಿಷ ಎನ್ನುವ ಸಾಲಿನ ಮೇಲೆ ಹೆಬ್ಬೆರಳಿಟ್ಟ, ಇಟ್ಟರೆ ಅದು ಇವನದಾಗಿ ಕಾಣುತ್ತಿಲ್ಲ, ಗೀರು, ಕಪ್ಪು ಗೀರು, ಸಿಬಿರು ಕೊಯ್ದದ್ದು, ಮೇಡಂ ಕಾಯುತ್ತಿದ್ದಾರೆ, ಮೇಲೆ ತಟ್ಟುತ್ತಿದ್ದಾರೆ, ಸಾಲಿನ ಮೇಲೆ ಆ ಹೆಬ್ಬೆರಳು, ತೆಗೆಯದೆ, ಕಾಯುತ್ತ, ಆ ಹೆಬ್ಬೆರಳು, ಇಲ್ಲಿಂದ ಅಣ್ಣ, ಇಲ್ಲಿಂದ