ಕಸ್ತೂರೆವ್ವ ಹೇಳಿದ ಪಿಚ್ಚರ್

ಅಕ್ಕೋಳದಲ್ಲಿ ಸುಂದ್ರವ್ವನ ಮನೆಯ ಕಟ್ಟೆ ಉದ್ದವಾಗಿತ್ತು, ಮಧ್ಯಾಹ್ನದವರೆಗೆ ನೆರಳಿರುತ್ತಿತ್ತು. ಅದಕ್ಕೇ ಓಣಿಯ ಹೆಂಗಸರು ಬೀಡಿ ಕಟ್ಟಲು ಅಲ್ಲಿಗೆ ಬರುತ್ತಿದ್ದರು. ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ಕೈ ತನ್ನಷ್ಟಕ್ಕೆ ಸುತ್ತುತ್ತದೆ, ತುದಿ ಮಡಚುತ್ತದೆ, ದಾರ ಬಿಗಿಯುತ್ತದೆ. ಕೈಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವೋ ಬಿಡುವು. ಆ ಕಿವಿಗಳ ಸಲುವಾಗಿ ಕಟ್ಟೆಯ ಮೇಲೆ ಒಂದು ಪದ್ಧತಿ ಬೆಳೆದಿತ್ತು.

ಗುರುವಾರ ನಿಪ್ಪಾಣಿಯ ಸಂತೆ. ಅಂದು ಎಲ್ಲರ ಮಾಲನ್ನೂ ಒಂದೇ ಬುಟ್ಟಿಯಲ್ಲಿಟ್ಟು ಕಸ್ತೂರೆವ್ವನ ತಲೆಯ ಮೇಲೆ ಹೊರಿಸಿ ಬಸ್ಸು ಹತ್ತಿಸುತ್ತಿದ್ದರು. ಅವಳು ಕಾರಖಾನೆಯಲ್ಲಿ ಬೀಡಿ ತೋರಿಸಿ, ಹೊಸ ಎಲೆ, ತಂಬಾಕು ತೂಗಿಸಿಕೊಂಡು, ಆಮೇಲೆ ಟಾಕೀಜಿನಲ್ಲಿ ಮ್ಯಾಟಿನಿ ನೋಡಿ ಸಂಜೆ ಬಸ್ಸಿಗೆ ಬರಬೇಕು. ಮರುದಿನ ಮುಂಜಾನೆ ಆ ಸಿನಿಮಾವನ್ನು ಕಟ್ಟೆಯ ಮೇಲೆ ಕುಳಿತು ಹೇಳಬೇಕು. ಅವಳ ಆ ದಿನದ ಬೀಡಿಯನ್ನು ಉಳಿದವರು ತಮ್ಮ ಕೆಲಸದ ಜೊತೆಗೆ ಇಷ್ಟಿಷ್ಟು ಕಟ್ಟಿ ತುಂಬಿಕೊಡುತ್ತಿದ್ದರು. ಎಲ್ಲರೂ ಹೋಗಿ ನೋಡುವುದು ಆಗದ ಮಾತು. ಒಬ್ಬಳು ನೋಡಿದರೆ ಎಲ್ಲರೂ ನೋಡಿದ ಹಾಗೆ.

ಈ ಕೆಲಸಕ್ಕೆ ಕಸ್ತೂರೆವ್ವನನ್ನೇ ಆರಿಸಿದ್ದಕ್ಕೆ ಕಾರಣ ಸರಳವಾಗಿತ್ತು. ಅವಳ ಗಂಡ ಇಚಲಕರಂಜಿಯ ಮಗ್ಗಕ್ಕೆಂದು ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ್ದ. ಮಕ್ಕಳಿರಲಿಲ್ಲ. ಸಂಜೆ ಬಸ್ಸು ತಪ್ಪಿದರೂ ಮನೆಯಲ್ಲಿ ಹಸಿದು ಕೂಡುವವರಿಲ್ಲ ಎಂದು ಸುಂದ್ರವ್ವ ಒಂದು ಅನುಕೂಲದ ಮಾತಿನಂತೆ ಹೇಳಿದ್ದಳು. ಅದು ಅನುಕೂಲವೇ. ಆದರೆ ಬೀಗ ತೆಗೆದು ಕತ್ತಲ ಮನೆಯೊಳಗೆ ಕಾಲಿಡುವಾಗ ಕಸ್ತೂರೆವ್ವ ಅದನ್ನು ಹಾಗೆ ಕರೆಯುತ್ತಿರಲಿಲ್ಲ. ಸ್ಟೋ ಹಚ್ಚುವ ಮೊದಲು ಗೋಡೆಗೊರಗಿ ಕುಳಿತು, ನಾಳೆ ಎಲ್ಲಿಂದ ಶುರು ಮಾಡಬೇಕು ಎಂದು ಯೋಚಿಸುತ್ತಿದ್ದಳು. ವಾರದಲ್ಲಿ ಅವಳು ನಾಲ್ಕು ಜನಕ್ಕೆ ಬೇಕಾದವಳಾಗಿ ಇರುವ ದಿನವೆಂದರೆ ಶುಕ್ರವಾರ.

ಹೇಳುವುದರಲ್ಲಿ ಅವಳಿಗೆ ಒಂದು ಹದ ಸಿಕ್ಕಿತ್ತು. ಕೈಗಳು ಚುರುಕಾಗಿರುವ ಮುಂಜಾನೆಯಲ್ಲಿ ಸಂಸಾರದ ಮಾತು; ಹೊತ್ತೇರಿ ಬೆನ್ನು ಬಾಗುವ ವೇಳೆಗೆ ಬಡಿದಾಟ. ಗೋಳಿನ ಭಾಗ ಬಂದರೆ ಕೈಗಳು ನಿಲ್ಲುತ್ತವೆ, ಮಾಲು ಕಡಿಮೆಯಾಗುತ್ತದೆ.

"ಅಳಸೂದು ಇದ್ರ ಸಂಜಿಕ ಹೇಳ ಬೇ," ಎನ್ನುತ್ತಿದ್ದಳು ಸುಂದ್ರವ್ವ. "ಮುಂಜಾನೆ ಅಳಸಿದ್ರ ಕಾರಖಾನಿಯವ ನಮ್ಮನ್ನ ಅಳಸ್ತಾನ."

ಹಾಗಾಗಿ ಸಾವುಗಳನ್ನು ಅವಳು ಬೇಗ ಮುಗಿಸುತ್ತಿದ್ದಳು, ಮದುವೆಗಳನ್ನು ಎಳೆಯುತ್ತಿದ್ದಳು. ಇಷ್ಟು ಹೆಚ್ಚುಕಡಿಮೆ ಎಲ್ಲ ಕಸುಬಿನಲ್ಲೂ ಇರುತ್ತದೆ. ಹೇಳಿ ಮುಗಿದ ಮೇಲೆ ಕಟ್ಟೆಯ ಮೇಲೆ ವಾದ ಏಳುತ್ತಿತ್ತು. ನಾಯಕ ದಡ್ಡನೆಂದು ಒಬ್ಬಳು, ತಾಯಿಯ ಪಾತ್ರದವಳು ಹೆಚ್ಚು ಅತ್ತಳೆಂದು ಇನ್ನೊಬ್ಬಳು. ಟಾಕೀಜಿನ ಬಾಗಿಲನ್ನೇ ಕಾಣದವರು ಸಿನಿಮಾವನ್ನು ಪಾಸು ಮಾಡುತ್ತಿದ್ದರು, ನಪಾಸು ಮಾಡುತ್ತಿದ್ದರು. ಎದುರಿನ ಕಿರಾಣಿ ಅಂಗಡಿಯ ಶ್ರೀಪಾಲಣ್ಣ, ಪೇಪರು ಓದುವವನು, ತಾನೂ ಆಗಾಗ ನಿಪ್ಪಾಣಿಗೆ ಹೋಗಿ ಸಿನಿಮಾ ನೋಡಿ ಬರುವವನು, ತಕ್ಕಡಿ ಹಿಡಿದುಕೊಂಡೇ ಅಲ್ಲಿಂದ ಅಡ್ಡ ಮಾತು ಹಾಕುತ್ತಿದ್ದ. ಹಾಡಿಲ್ಲದ ಸಿನಿಮಾ ಅವನ ಲೆಕ್ಕದಲ್ಲಿ ಸಿನಿಮಾವೇ ಅಲ್ಲ.

ಎಂಬತ್ತೇಳರ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಗುರುವಾರ ಟಾಕೀಜಿಗೆ ಹಿಂದಿ ಸಿನಿಮಾದ ಡಬ್ಬಿ ಬಂದಿರಲಿಲ್ಲ. ಮಾಲೀಕ ಸಿಕ್ಕ ಒಂದು ಕನ್ನಡ ಸಿನಿಮಾ ಹಾಕಿದ್ದ. ಒಳಗೆ ಜನವೇ ಇರಲಿಲ್ಲ. ಹಾಡಿಲ್ಲ, ಬಡಿದಾಟವಿಲ್ಲ. ಗಂಡ ಬಿಟ್ಟು ಹೋದ ಒಬ್ಬಳು ಹೆಂಗಸು ಮನೆ ಸಾರಿಸುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ದಾರಿ ನೋಡುತ್ತಾಳೆ. ಕೊನೆಗೆ ಒಂದು ಮುಂಜಾನೆ ಕೊಡ ಹಿಡಿದು ಬಾವಿಯ ಮೆಟ್ಟಿಲು ಇಳಿಯುತ್ತಾಳೆ. ಮೇಲೆ ಬರುವುದಿಲ್ಲ. ನೀರಿನ ಮೇಲೆ ಕೊಡ ತೇಲುತ್ತದೆ. ದೀಪ ಹತ್ತಿದ ಮೇಲೂ ಕಸ್ತೂರೆವ್ವ ಕುರ್ಚಿ ಬಿಟ್ಟು ಏಳಲಿಲ್ಲ; ಕಸ ಗುಡಿಸುವವನು ಬಂದು ಎಬ್ಬಿಸಿದ.

ಮರುದಿನ ಆ ಸಿನಿಮಾ ಹೇಳುತ್ತ ಹೇಳುತ್ತ ಅವಳು ಬಾವಿಯ ತನಕ ಬಂದಳು. ಆಗ ಕಂಬದ ಬಳಿ ಕುಳಿತ ಹೊಳೆವ್ವನ ಕೈ ನಿಂತಿದ್ದನ್ನು ಕಂಡಳು. ಹೊಳೆವ್ವನ ಒಬ್ಬಳೇ ಮಗಳನ್ನು ರಾಯಬಾಗದ ಕಡೆ ಕೊಟ್ಟಿದ್ದರು. ಹೋದ ವರ್ಷ ಅವಳು ಕಬ್ಬಿನ ಹೊಲದ ಬಾವಿಯಲ್ಲಿ ಸಿಕ್ಕಿದ್ದಳು. ಕಾಲು ಜಾರಿತು ಎಂದು ಗಂಡನ ಮನೆಯವರು ಹೇಳಿದ್ದರು. ಹೊಳೆವ್ವ ಅಂದಿನಿಂದ ಹೆಚ್ಚು ಮಾತಾಡಿರಲಿಲ್ಲ.

"ಬಾವ್ಯಾಗ ಇಳದ್ಲು," ಎಂದಳು ಹೊಳೆವ್ವ. "ಮುಂದ?"

ಕಸ್ತೂರೆವ್ವನ ಬಾಯಿಂದ ಮಾತು ತಾನೇ ಹೊರಗೆ ಬಂತು. "ಮುಂದೇನ, ಕೊಡಾ ತುಂಬ್ಕೊಂಡು ಮ್ಯಾಲ ಬಂದ್ಲು."

ಹೊಳೆವ್ವನ ಕೈ ಮತ್ತೆ ಎಲೆಯ ಮೇಲೆ ಆಡಿತು. ಮೇಲೆ ಬಂದವಳನ್ನು ಸುಮ್ಮನೆ ನಿಲ್ಲಿಸಲಾಗುವುದಿಲ್ಲವಲ್ಲ, ಕಸ್ತೂರೆವ್ವ ಕಥೆಯಲ್ಲಿ ಅವಳಿಗೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಚುರುಮುರಿ ಬುಟ್ಟಿ ಇಟ್ಟುಕೊಟ್ಟಳು. ಮುಂದಿನ ವಾರ ಹೊಳೆವ್ವ ಅದನ್ನೇ ಮತ್ತೆ ಹೇಳೆಂದಳು. ಆ ಸಲ ಒಂದು ಎಮ್ಮೆ ಬಂತು. ದೀಪಾವಳಿಯ ಹೊತ್ತಿಗೆ ಎಮ್ಮೆ ಗಬ್ಬವಾಗಿತ್ತು. ಬಡಿದಾಟದ ಸಿನಿಮಾ ಮೆಚ್ಚುವ ಸುಂದ್ರವ್ವನೂ ಬಾವಿ ಪಿಚ್ಚರಿಗೆ ಸಮನಾದದ್ದು ಇಲ್ಲ ಎನ್ನತೊಡಗಿದಳು.

ಬೇಸಿಗೆಯಲ್ಲಿ ಶ್ರೀಪಾಲಣ್ಣ ಪೇಪರು ಹಿಡಿದು ಕಟ್ಟೆಯ ತನಕ ಬಂದ. ದಿಲ್ಲಿಯಲ್ಲಿ ವರ್ಷಕ್ಕೊಮ್ಮೆ ಒಳ್ಳೆಯ ಸಿನಿಮಾಗಳಿಗೆ ಪದಕ ಕೊಡುತ್ತಾರೆ, ಈ ಸಲ ಆರಿಸುವವರ ಮುಂದೆ ಹೋದವುಗಳಲ್ಲಿ ಬಾವಿ ಪಿಚ್ಚರೂ ಇದೆ ಎಂದ. ಪದಕ ಬಂದವನ್ನು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ತೋರಿಸುತ್ತಾರೆ. ಅವನ ಮನೆಗೆ ಆಗಷ್ಟೇ ಟಿವಿ ಬಂದಿತ್ತು. ಪದಕ ಬಂದರೆ ನೀವೆಲ್ಲ ನಮ್ಮ ಮನೆಗೇ ಬರ್ರಿ ಎಂದ.

ಅಂದಿನಿಂದ ಕಟ್ಟೆಯ ಮೇಲೆ ಅದೊಂದೇ ಮಾತು. ಪದಕ ಕೊಡುವವರಿಗೆ ಕಣ್ಣಿದ್ದರೆ ಕೊಡುತ್ತಾರೆ ಎಂದು ಒಬ್ಬಳು, ಮುಂಬಯಿಯವರು ವಶೀಲಿ ಹಚ್ಚಿ ಕಸಿದುಕೊಳ್ಳುತ್ತಾರೆ ಎಂದು ಇನ್ನೊಬ್ಬಳು. ಸುಂದ್ರವ್ವ ಚಿಂಚಲಿಯ ಮಾಯಕ್ಕ ದೇವಿಗೆ ತೆಂಗಿನಕಾಯಿಯ ಹರಕೆ ಹೊತ್ತಳು. ಹೊಳೆವ್ವ ದಿನಾ ಬೆಳಿಗ್ಗೆ ಅಂಗಡಿಗೆ ಹೋಗಿ, ಏನೂ ಕೊಳ್ಳದೆ, ಪೇಪರಿನಲ್ಲಿ ಏನು ಬಂತು ಎಂದು ಕೇಳಿ ಬರುತ್ತಿದ್ದಳು. ವರ್ಷದಿಂದ ಬಾಯಿ ಬಿಡದವಳು ಅಷ್ಟು ಮಾತಾಡುತ್ತಿದ್ದಳು.

ಇಡೀ ಕಟ್ಟೆಯಲ್ಲಿ ಪದಕ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ಕಸ್ತೂರೆವ್ವ ಒಬ್ಬಳೇ. ಅದನ್ನು ಯಾರಿಗೆ ಹೇಳಬೇಕು? ಹಾಡಿಲ್ಲದ್ದಕ್ಕೆ ಯಾರು ಕೊಡುತ್ತಾರೆ ಎಂದು ಮೆಲ್ಲಗೆ ಅಂದು ನೋಡಿದಳು.

"ಎಲ್ಲಾರೂ ಬರ್ಲಿ ಅನ್ನಾಕತ್ತಾರ, ನೀ ಯಾಕ ಹುಳ್ಳಗ ಮಾರಿ ಮಾಡ್ತೀ?" ಎಂದಳು ಸುಂದ್ರವ್ವ. "ಪದಕಾ ನಿನಗ ಕೊಡಬೇಕಿತ್ತೇನ?"

ಎಲ್ಲರೂ ನಕ್ಕರು. ಕಸ್ತೂರೆವ್ವನೂ ನಕ್ಕಳು.

ಪದಕ ಬಂತು. ಕಟ್ಟೆಯ ಮೇಲೆ ಬೆಲ್ಲ ಹಂಚಿದರು, ತಮ್ಮ ಮನೆಯ ಹುಡುಗಿಯೇ ಗೆದ್ದಳೇನೋ ಎಂಬಂತೆ. ಕೆಲವು ವಾರಗಳಲ್ಲಿ ಟಿವಿಯಲ್ಲಿ ತೋರಿಸುವ ಭಾನುವಾರವೂ ಗೊತ್ತಾಯಿತು. ಕಸ್ತೂರೆವ್ವ ಕರೆಂಟ್ ಹೋಗಲಿ ಎಂದು ಬೇಡಿಕೊಂಡಳು. ಆಮೇಲೆ, ದೇವರ ಮೇಲೇ ಎಲ್ಲ ಭಾರ ಹಾಕುವುದು ಬೇಡವೆಂದು, ಹೊಳೆವ್ವನ ಮನೆಗೆ ಹೋದಳು. ಸುಂದ್ರವ್ವನ ತೆಂಗಿನಕಾಯಿ ಮುಟ್ಟಿಸಲು ಭಾನುವಾರ ಚಿಂಚಲಿಗೆ ಹೋಗೋಣ, ಜಾತ್ರೆಯಿಲ್ಲದ ದಿನ ಗದ್ದಲವೂ ಇರುವುದಿಲ್ಲ, ಇಬ್ಬರೇ ಹೋಗಿ ಸಂಜೆಗೆ ಬರೋಣ ಎಂದಳು.

ಹೊಳೆವ್ವ ತಲೆ ಅಲ್ಲಾಡಿಸಿದಳು. "ಮಾಯಕ್ಕ ಎಲ್ಲಿಗಿ ಹೋಕ್ಕಾಳ? ಸೋಮಾರ ಹೋಗೂಣು. ಆ ಹೆಣ್ಣಮಗಳು ಬಾವಿಯಿಂದ ಮ್ಯಾಲ ಬರೂದ ನಾ ಒಮ್ಮಿ ನೋಡಬೇಕ."

ಆಗಲೇ ಹೇಳಿಬಿಡಬಹುದಿತ್ತು. ಕಸ್ತೂರೆವ್ವ ಬಾಯಿ ತೆರೆದಳು ಕೂಡ. ಹೊಳೆವ್ವ ಭಾನುವಾರಕ್ಕೆಂದು ಪೆಟ್ಟಿಗೆಯಿಂದ ತೆಗೆದು ಹಗ್ಗದ ಮೇಲೆ ಹರವಿದ್ದ ಹಸಿರು ಇಳಕಲ್ ಸೀರೆ ಕಂಡಿತು. ಬರುತ್ತೇನೆಂದು ಹೇಳಿ ಎದ್ದು ಬಂದಳು.

ಭಾನುವಾರ ಕರೆಂಟ್ ಹೋಗಲಿಲ್ಲ. ಶ್ರೀಪಾಲಣ್ಣನ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಹೊಳೆವ್ವನನ್ನು ಎಲ್ಲರಿಗಿಂತ ಮುಂದೆ ಕೂಡ್ರಿಸಿದರು. ಕಸ್ತೂರೆವ್ವ ಬಾಗಿಲ ಬಳಿ ಕುಳಿತಳು. ಚಿತ್ರ ಕಪ್ಪು ಬಿಳುಪಾಗಿ ಬಂತು, ಕೆಳಗೆ ಇಂಗ್ಲಿಷ್ ಅಕ್ಷರ ಓಡಿದವು. ಮೊದಮೊದಲು ಎಲ್ಲರಿಗೂ ಖುಷಿ. ಇದೇ ಮನೆ, ಇದೇ ಒಲೆ, ಕಸ್ತೂರೆವ್ವ ಹೇಳಿದಂತೆಯೇ ರೊಟ್ಟಿ ಬಡಿಯುತ್ತಾಳೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಸುಂದ್ರವ್ವ ಹಿಂದೆ ತಿರುಗಿ ಕಸ್ತೂರೆವ್ವನಿಗೆ ಭಲೆ ಎಂಬಂತೆ ತಲೆಯಾಡಿಸಿದಳು.

ಹೊತ್ತು ಹೋದಂತೆ ಅವರು ಎಮ್ಮೆಯನ್ನು ಹುಡುಕತೊಡಗಿದರು.

"ಎಮ್ಮಿ ಇನ್ನಾ ಯಾಕ ಬರವಲ್ದು?" ಎಂದಳು ಸುಂದ್ರವ್ವ.

ಬಾವಿ ಬಂದ ಮೇಲೆ ಬರುತ್ತದೆ, ಸುಮ್ಮನಿರು ಎಂದು ಯಾರೋ ಗದರಿದರು.

ಬಾವಿ ಬಂತು. ಹೆಂಗಸು ಕೊಡ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಹೊಳೆವ್ವ ಮುಂದಕ್ಕೆ ಬಾಗಿದ್ದಳು. ನೀರಿನ ಮೇಲೆ ಕೊಡ ತೇಲಿತು, ತಿರುಗಿತು. ಅಷ್ಟರಲ್ಲೇ ಪರದೆಯ ಮೇಲೆ ಹೆಸರುಗಳು ಏಳತೊಡಗಿದವು. ಆದರೂ ಅವರು ಕಾದರು. ಹೆಸರು ಮುಗಿದ ಮೇಲೆ ಬರುತ್ತಾಳೆಂದು ಕಾದರು. ಸಾಬೂನಿನ ಜಾಹೀರಾತು ಬಂದು ಒಂದು ಹುಡುಗಿ ನೊರೆಯಲ್ಲಿ ನಕ್ಕಾಗ ಸುಂದ್ರವ್ವ, "ಮುಗೀತೇನ?" ಎಂದಳು.

ಎಲ್ಲರ ತಲೆ ಬಾಗಿಲ ಕಡೆ ತಿರುಗಿತು. ಶ್ರೀಪಾಲಣ್ಣನೂ ಕಸ್ತೂರೆವ್ವನನ್ನು ನೋಡಿದ. ಕಟ್ಟಿದ ಗಂಟು ಬಿಚ್ಚುವ ಮೊದಲೇ ಒಳಗೇನಿದೆ ಎಂದು ತಿಳಿಯುವ ಅಂಗಡಿಕಾರ ಅವನು.

"ಟೀವ್ಯಾಗ ಪೂರಾ ತೋರ್ಸೂದಿಲ್ಲ," ಎಂದ ಮೆಲ್ಲಗೆ. "ಹೊತ್ತ ಸಾಲೂದಿಲ್ಲಂತ ಕತ್ರಿ ಹಾಕ್ತಾರ. ಹೌದಲ್ಲ, ಕಸ್ತೂರಕ್ಕಾ?"

ಹೌದು ಎಂದರೆ ಸಾಕಿತ್ತು. ಎಲ್ಲರೂ ಟಿವಿಯವರನ್ನು ಬೈದು ಚಹಾ ಕುಡಿದು ಏಳುತ್ತಿದ್ದರು. ಶುಕ್ರವಾರ ಅವಳಿಗೇ ಉಳಿಯುತ್ತಿತ್ತು. ಆದರೆ ಹೊಳೆವ್ವ ಮಾತ್ರ ತಿರುಗಿರಲಿಲ್ಲ, ಇನ್ನೂ ಟಿವಿಯನ್ನೇ ನೋಡುತ್ತಿದ್ದಳು. ಕತ್ತರಿಸಿದ್ದಾರೆ ಎಂದರೆ ಇವಳು ಉಳಿದ ತುಣುಕನ್ನು ಹುಡುಕಿಕೊಂಡು ನಿಪ್ಪಾಣಿಗೆ ಹೋಗುತ್ತಾಳೆ, ಚಿಕ್ಕೋಡಿಗೆ ಹೋಗುತ್ತಾಳೆ, ಜೀವ ಇರುವ ತನಕ ಕಾಯುತ್ತಾಳೆ.

"ಇಲ್ರಿ, ಅಣ್ಣಾರ," ಎಂದಳು ಕಸ್ತೂರೆವ್ವ. "ಅಷ್ಟ ಇತ್ತು."

ಹೊಳೆವ್ವ ಎದ್ದಳು. ಹಸಿರು ಸೀರೆಯ ನಿರಿಗೆ ಸರಿಮಾಡಿಕೊಂಡು, ಯಾರ ಕಡೆಗೂ ನೋಡದೆ ಹೊರಗೆ ಹೋದಳು.

ಕಸ್ತೂರೆವ್ವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಮರುದಿನಕ್ಕೆ ಮುಗಿಯುತ್ತಿತ್ತು. ಕಟ್ಟೆಯ ಮೇಲೆ ಅವಳ ಜಾಗ ಅವಳಿಗೇ ಇತ್ತು, ನೀರು ಕೇಳಿದರೆ ನೀರು ಕೊಡುತ್ತಿದ್ದರು. ಮುಂದಿನ ಶುಕ್ರವಾರ ಅವಳು ಹೊಸ ಸಿನಿಮಾ ಶುರು ಮಾಡಿದಾಗ, ನಾಯಕ ಬೆಟ್ಟದಿಂದ ಜಿಗಿದ ಎನ್ನುತ್ತಲೇ ಒಬ್ಬಳು, "ಖರೇನ?" ಎಂದಳು. ಕುದುರೆ ಬಂತು ಎಂದರೆ ಇನ್ನೊಬ್ಬಳು, "ಖರೇನ?" ಅವರು ಚೇಷ್ಟೆಗೆ ಕೇಳುತ್ತಿರಲಿಲ್ಲ. ಹಾಗೆ ಕೇಳಿಸಿಕೊಂಡ ಮೇಲೆ ಕುದುರೆಗೆ ಓಡಲು ಕಾಲು ಬರುವುದಿಲ್ಲ. ಅರ್ಧಕ್ಕೆ ಬಿಟ್ಟಳು; ಪೂರಾ ಮಾಡೆಂದು ಯಾರೂ ಹೇಳಲಿಲ್ಲ. ಆಮೇಲೆ ಅವರು ತಾವೇ ನೋಡಿದ ಭಾನುವಾರದ ಸಿನಿಮಾದ ಮಾತು ತೆಗೆದರು. ಅವಳ ಪಾಲಿನ ಬೀಡಿ ಕಟ್ಟುವುದೂ ಹಾಗೆಯೇ ನಿಂತಿತು. ಗುರುವಾರ ಬುಟ್ಟಿ ಮಾತ್ರ ಅವಳೇ ಒಯ್ಯುತ್ತಿದ್ದಳು. ಟಾಕೀಜಿನ ಮುಂದಿನಿಂದ ಹಾದು, ಮಧ್ಯಾಹ್ನದ ಬಸ್ಸಿಗೇ ತಿರುಗಿ ಬರುತ್ತಿದ್ದಳು. ಗೋಡೆಗೊರಗಿ ನಾಳೆಯದನ್ನು ಯೋಚಿಸುವ ಕೆಲಸ ಇರಲಿಲ್ಲ. ಬಂದವಳೇ ಸ್ಟೋ ಹಚ್ಚುತ್ತಿದ್ದಳು. ಎರಡು ರೊಟ್ಟಿ ಬಡಿದರೆ ಸ್ಟೋ ಆರುತ್ತಿತ್ತು, ಮನೆಯಲ್ಲಿ ಮತ್ತೆ ಸದ್ದಿರಲಿಲ್ಲ.

ಹೊಳೆವ್ವ ಆ ಭಾನುವಾರದಿಂದ ಕಟ್ಟೆಗೆ ಬಂದಿರಲಿಲ್ಲ. ತನ್ನ ಮನೆಯಲ್ಲೇ ಕುಳಿತು ಕಟ್ಟುತ್ತಾಳೆ ಎಂದು ಸುಂದ್ರವ್ವ ಹೇಳಿದಳು. ಕಸ್ತೂರೆವ್ವ ಎರಡು ಸಲ ಆ ಬಾಗಿಲ ತನಕ ಹೋಗಿ ಹಿಂದಿರುಗಿದ್ದಳು.

ಕಬ್ಬಿನ ಗಾಡಿಗಳು ಶುರುವಾದ ಮೇಲೆ ಒಂದು ಮಧ್ಯಾಹ್ನ ಕಸ್ತೂರೆವ್ವ ಹೊಸ್ತಿಲ ಒಳಗೆ ಮೊರ ಇಟ್ಟುಕೊಂಡು ಕುಳಿತಿದ್ದಾಗ ಬಾಗಿಲಿಗೆ ನೆರಳು ಬಿತ್ತು. ಹೊಳೆವ್ವ. ಕಂಕುಳಲ್ಲಿ ಅವಳ ಮೊರ, ಒದ್ದೆ ಬಟ್ಟೆಯ ಗಂಟು. ಹೇಳದೆ ಕೇಳದೆ ಒಳಗೆ ಬಂದು ಎದುರಿಗೆ ಕುಳಿತಳು. ಎಲೆ ಬಿಚ್ಚಿದಳು, ತಂಬಾಕು ಹಾಕಿದಳು, ಸುತ್ತಿದಳು. ಕಸ್ತೂರೆವ್ವನೂ ತನ್ನ ದಾರ ಬಿಗಿದಳು.

"ಚಿಂಚಲಿಗಿ ಹೋಗೂಣು ಅಂದಿದ್ದು ಇದಕ್ಕನ?" ಎಂದಳು ಹೊಳೆವ್ವ, ಕೈಯ ಮೇಲಿನ ಕಣ್ಣು ಎತ್ತದೆ.

"ಹೂಂ."

"ಬಿಡಿಸಿ ಹೇಳಬೇಕಿತ್ತ ಬೇ."

"ಬಾಯಿ ಬರ್ಲಿಲ್ಲ, ಹೊಳೆವ್ವಾ."

ಹೊಳೆವ್ವ ಒಂದು ಕಟ್ಟು ಮುಗಿಸಿ ದಾರ ಹರಿದು ಪಕ್ಕಕ್ಕಿಟ್ಟಳು. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಹಾದು ಹೋಯಿತು.

"ಎಮ್ಮಿ ದಿನಾ ತುಂಬ್ಯಾವ ಅಂದಿದ್ದಿ," ಎಂದಳು ಹೊಳೆವ್ವ. "ಕರಾ ಹಾಕಿತೇನ?"

ಕಸ್ತೂರೆವ್ವನ ಕೈ ನಿಂತಿತು. ಹೊಳೆವ್ವನ ಮುಖದಲ್ಲಿ ನಗೆಯಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಊರಿಂದ ಬಂದವರನ್ನು ಅಲ್ಲಿಯ ಸುದ್ದಿ ಕೇಳುವಂತೆ ಕೇಳಿ ಕಾಯುತ್ತಿದ್ದಳು.

"ಮನ್ನೆ ಹಾಕೇತಿ," ಎಂದಳು ಕಸ್ತೂರೆವ್ವ. "ಹೆಣ್ಣಗರಾ."

"ಹೆಣ್ಣನ?" ಎಂದು ಹೊಳೆವ್ವ ಇನ್ನೊಂದು ಎಲೆ ತೆಗೆದುಕೊಂಡಳು. "ಛಲೋ ಆತು. ಹೇಳ."